ಕರ್ತನ ಭೋಜನದ ಪಾಲು

ಹಾರ್ಮೋನಿಯಂ ಬೇಕೋ ಗಿಟಾರ್ ಬೇಕೋ ಎಂಬ ಜಗಳದಲ್ಲಿ ನಮ್ಮೂರ ಚರ್ಚು ಎರಡಾಯಿತು. ಬಲಗಡೆಯ ಬೆಂಚುಗಳಲ್ಲಿ ಹಿರಿಯ ಜಯಶೀಲಪ್ಪನವರ ಕಡೆಯವರು, ಎಡಗಡೆ ಸಾಮುವೇಲಪ್ಪನವರ ಕಡೆಯವರು.

ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಎರಡನ್ನೂ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಇಬ್ಬರು ಹಿರಿಯರೂ ಒಂದೇ ಒಂದು ವಿಷಯಕ್ಕೆ ಒಪ್ಪಿ, ಚರ್ಚು ಗುಡಿಸುವ ಕರುಣಮ್ಮನನ್ನು ಕರೆದರು.

“ಮೇಜಿನ ಮೇಲಿರೋದನ್ನ ಸರಿಯಾಗಿ ಎರಡು ಪಾಲು ಮಾಡು. ತಪ್ಪಿದರೆ ಕೆಲಸ ಬಿಡು!”

“ಆಗಲಿ ಅಯ್ಯನವರೇ.”

ಆರಾಧನೆಯ ಹೊತ್ತಿಗೆ ನೋಡಿದರೆ ಬಲಗಡೆಯವರಿಗೆ ಬರೀ ರೊಟ್ಟಿ, ಎಡಗಡೆಯವರಿಗೆ ಬರೀ ದ್ರಾಕ್ಷಾರಸ!

“ಇದೆಂಥಾ ಪಾಲು?” ಇಬ್ಬರೂ ಗುಡುಗಿದರು.

“ಮೇಜಿನ ಮೇಲಿದ್ದದ್ದು ಎರಡೇ. ಒಂದೊಂದು ಕಡೆಗೆ ಒಂದೊಂದು ಕೊಟ್ಟೆ. ಸಾಲದಿದ್ದರೆ ಆಚೆಯವರನ್ನ ಕೇಳಿ ಅಯ್ಯ.”

ಪಾದ್ರಿಗಳು ನಗು ಮುಚ್ಚಿಕೊಳ್ಳಲು ಬೈಬಲ್ ಎತ್ತಿ ಹಿಡಿದರು. ಕೊನೆಗೆ ಜಯಶೀಲಪ್ಪನವರೇ ರೊಟ್ಟಿಯ ತಟ್ಟೆ ಹಿಡಿದು ಎದ್ದು ಬಂದರು.

“ತಗೋ ಸಾಮುವೇಲಣ್ಣ.”

ಸಾಮುವೇಲಪ್ಪ ತಟ್ಟೆ ತೆಗೆದುಕೊಂಡರು. ಸ್ವಲ್ಪ ಸರಿದು, ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.