ಬಳಸಿ ಹೋದ ಕುದುರೆಗಳು

ಆಶ್ರಮಕ್ಕೆ ಬರುವ ಮೊದಲು ಸೈನ್ಯದಲ್ಲಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: 'ಕುದುರೆ ಓಡಿಸದೆ ಸವಾರಿ ಬಾರದು, ನೆಲ ತುಳಿಯದೆ ಕುದುರೆ ಓಡದು. ನಾಡು ಕಾಯುವುದನ್ನು ಕಲಿಯಬೇಕಾದರೆ ಒಂದಷ್ಟು ನಾಡನ್ನು ಕೆಡಿಸಲೇಬೇಕಲ್ಲವೇ?'

ಗುರುಗಳು ಈ ಕತೆ ಹೇಳಿದರು.

ಒಬ್ಬ ದಳಪತಿಯಿದ್ದ. ಮುನ್ನೂರು ಹೊಸ ಸವಾರರನ್ನು ಪಳಗಿಸುವ ಕೆಲಸ ಅವನದು. ಅರಸ ಅದಕ್ಕಾಗಿ ಒಂದು ಬಯಲನ್ನು ಬಿಟ್ಟುಕೊಟ್ಟು, ಎರಡು ತಿಂಗಳಿಗೆ ತಾನೇ ಬಂದು ನೋಡುವುದಾಗಿ ತಿಳಿಸಿದ್ದ. ಹಿಂದಿನ ದಳಪತಿ ಇಂಥದೇ ಪರೀಕ್ಷೆಯಲ್ಲಿ ಸೋತು ಪದವಿ ಕಳೆದುಕೊಂಡಿದ್ದ. ಹಾಗಾಗಿ ಇವನು ಒಂದು ದಿನವನ್ನೂ ಕಳೆಯಲು ಸಿದ್ಧನಿರಲಿಲ್ಲ.

ಬಯಲಿನ ನಡುವೆ ಒಂದು ಒರತೆ, ಅದರ ಪಕ್ಕದಲ್ಲಿ ಒಂದು ವೀರಗಲ್ಲು. ಅದರಾಚೆಯ ಬರಿನೆಲದಲ್ಲಿ ಟಿಟ್ಟಿಭ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ಕುದುರೆಗಳು ನೇರವಾಗಿ ಓಡಬೇಕಾದರೆ ಈ ಮೂರೂ ಅಡ್ಡ. ಒರತೆಯನ್ನು ಮುಚ್ಚಿ, ಕಲ್ಲನ್ನು ಕಿತ್ತು ಬದಿಗಿಡಿ ಎಂದು ದಳಪತಿ ಆಳುಗಳಿಗೆ ಅಪ್ಪಣೆ ಮಾಡಿದ. ಹಕ್ಕಿಗಳ ಮಾತನ್ನು ಎತ್ತಲೂ ಇಲ್ಲ.

ಆಳುಗಳು ಹಾರೆ ಹಾಕುವಷ್ಟರಲ್ಲಿ ಹತ್ತಿರದ ಕುರಿಗಾಹಿಗಳ ಹಟ್ಟಿಯಿಂದ ಮುದುಕಿಯೊಬ್ಬಳು ಬಂದಳು. ಅವಳು ಅಳಲಿಲ್ಲ, ಬೇಡಲೂ ಇಲ್ಲ. ಕಲ್ಲನ್ನು ಎಲ್ಲಿಡುತ್ತೀರಿ ಎಂದಷ್ಟೇ ಕೇಳಿದಳು. ದಳಪತಿ ಬಯಲಿನ ಅಂಚನ್ನು ತೋರಿಸಿ, ಅಲ್ಲಿ ನೆರಳಿದೆ, ಒಳ್ಳೆಯ ಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದ.

'ಕಟ್ಟೆ ಚೆನ್ನಾಗಿಯೇ ಇರುತ್ತದೆ, ಅಪ್ಪಾ. ಆದರೆ ಈ ಕಲ್ಲಿನ ಬೀರಗೊಂಡ ಕಳ್ಳರಿಂದ ನಮ್ಮ ಕುರಿಗಳನ್ನು ಬಿಡಿಸಿಕೊಂಡು ಬರುವಾಗ ಬಿದ್ದದ್ದು ಇಲ್ಲಿ.'

ದಳಪತಿ ಕುದುರೆಯಿಂದ ಇಳಿದ. ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತ ಒಬ್ಬ, ಅವನ ಬೆನ್ನಿಗೆ ನಾಲ್ಕು ಕುರಿಗಳು. ತನ್ನ ಸವಾರರಲ್ಲಿ ಯಾರು ಎಲ್ಲಿ ಬೀಳುವರೋ, ಅವರಿಗೂ ಯಾರಾದರೂ ಒಂದು ಕಲ್ಲು ನಿಲ್ಲಿಸಿಯಾರು, ಅದನ್ನು ಇನ್ನಾರೋ ಕಿತ್ತು ಬದಿಗಿಟ್ಟಾರು ಎಂದು ಅವನಿಗೆ ಅನ್ನಿಸಿತು. ಹಾರೆ ಕೆಳಗಿಡಿ ಎಂದ.

ಆಮೇಲೆ ತಾನೇ ನಡೆದು ಹೊಸ ದಾರಿ ಗುರುತು ಹಾಕಿದ. ಅದು ಒರತೆಯನ್ನು ಎಡಕ್ಕೆ ಬಿಟ್ಟು, ಕಲ್ಲನ್ನು ಬಳಸಿ, ಗೂಡುಗಳ ಮುಂದೆ ಥಟ್ಟನೆ ತಿರುಗುತ್ತಿತ್ತು. ಸವಾರರು ಗೊಣಗಿದರು. ಮೊದಲ ವಾರ ಹತ್ತಾರು ಮಂದಿ ಒರತೆಯ ಕೆಸರಿಗೆ ಬಿದ್ದು ಎದ್ದರು. ತಿರುವಿನಲ್ಲಿ ತಡವರಿಸಿದವರ ತಲೆಯ ಮೇಲೆ ಟಿಟ್ಟಿಭಗಳು ಕಿರುಚುತ್ತ ಎರಗಿದವು. ಮಜ್ಜಿಗೆ ತಂದ ಹಟ್ಟಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಆ ನಗೆಗೆ ಅಂಜಿಯೇ ಹಲವರು ಬೇಗ ಕಲಿತರು. ತಿಂಗಳು ತುಂಬುವಷ್ಟರಲ್ಲಿ ಮರಿಗಳು ಹೊರಬಂದವು. ಒಂದು ಮೊಟ್ಟೆಯೂ ಕುದುರೆಯ ಕಾಲಿಗೆ ಸಿಕ್ಕಿರಲಿಲ್ಲ.

ಅರಸ ಬಂದ. ದಾರಿ ನೋಡಿ ಅವನ ಮುಖ ಗಂಟಿಕ್ಕಿತು. ಈ ಡೊಂಕು ದಾರಿಯಲ್ಲಿ ಎಂಥ ಯುದ್ಧ ಕಲಿಯುತ್ತಾರೆ ಎಂದು ಕೇಳಿದ. ತನ್ನ ಪದವಿ ಹೋಯಿತೆಂದೇ ದಳಪತಿ ಅಂದುಕೊಂಡ. ಆದರೂ ನಡೆದದ್ದನ್ನು ಮುಚ್ಚಿಡದೆ ಹೇಳಿದ.

'ನೇರ ಮಾಡಲು ನನಗೆ ಮನಸ್ಸು ಬರಲಿಲ್ಲ, ಪ್ರಭು. ಹಗೆಯೂ ನಮಗೆ ನೇರ ದಾರಿ ಮಾಡಿಕೊಡುವವನಲ್ಲ.'

ಹೀಗೆಂದು ಕೈ ಎತ್ತಿದ. ಮುನ್ನೂರು ಕುದುರೆಗಳು ಬಿಟ್ಟ ಬಾಣದಂತೆ ಬಂದು, ತಿರುವಿನಲ್ಲಿ ಒಂದೇ ಮೈಯಾಗಿ ಹೊರಳಿ ಹೋದವು. ಅರಸನಿಗೆ ಹುರುಪು ಬಂತು. ತಾನೂ ಕುದುರೆ ಏರಿ ಅದೇ ದಾರಿಯಲ್ಲಿ ಬಿಟ್ಟ. ಒರತೆಯ ಹತ್ತಿರ ಕೆಸರಿಗೆ ಬಿದ್ದ. ಈ ಸಲ ಹೆಂಗಸರು ನಗಲಿಲ್ಲ, ಅರಸನೇ ನಕ್ಕ. ಎದ್ದು, ಒರತೆಯಲ್ಲೇ ಮುಖ ತೊಳೆದು, ನಾಡಿನ ಯಾವ ಅಭ್ಯಾಸದ ಬಯಲಿನಲ್ಲೂ ಇದ್ದದ್ದನ್ನು ಕೀಳಬಾರದೆಂದು ಅಲ್ಲೇ ಆಜ್ಞೆ ಮಾಡಿದ.

ಕತೆ ಕೇಳಿದ ಶಿಷ್ಯ ತಾನೂ ನಕ್ಕ. 'ಜಾಣ ದಳಪತಿ. ನಾಡನ್ನೂ ಕಾಯ್ದ, ಜೊತೆಗೆ ಹಕ್ಕಿ, ಕಲ್ಲು, ಒರತೆಗಳನ್ನೂ ಕಾಯ್ದ' ಎಂದ.

ಗುರುಗಳು ಕೇಳಿದರು: 'ಅವನ್ನೆಲ್ಲ ತೆಗೆದುಬಿಟ್ಟರೆ, ನಾಡು ಎಂದು ನೀನು ಕಾಯುವುದು ಯಾವುದನ್ನು?'