ರುದ್ರವ್ವ ಹರಳು ನೋಡಲು ಕಲಿತದ್ದು

ಮಲಪ್ರಭೆಯ ದಂಡೆಯಲ್ಲಿ, ಹುಲ್ಲು ಹೊದಿಸಿದ ಒಂದಂಕಣದ ಮಠದಲ್ಲಿ ಶ್ರೀ ಸಿದ್ಧಾಂಬೆ ತಾಯಿಯವರು ವಾಸವಾಗಿದ್ದರು. ಹಸಿದು ಬಂದವರಿಗೆ ಅಂಬಲಿ ಕೊಡುವುದು, ಅಳುವವರ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು, ಇಷ್ಟೇ ಅವರ ಅನುಷ್ಠಾನ. ಪವಾಡ ಬೇಡಿ ಬಂದವರು ಬೇಸರಪಟ್ಟು ಹಿಂದಿರುಗುತ್ತಿದ್ದರು.

ಪೇಟೆಯ ರತ್ನಪರೀಕ್ಷಕ ಪಾಯಣ್ಣ ಶೆಟ್ಟಿ ಬಂದದ್ದು ಮಾತ್ರ ಪರೀಕ್ಷಿಸಲೆಂದೇ. ಮೂರು ತಲೆಮಾರಿನಿಂದ ಹರಳು ನೋಡುವ ಮನೆತನ ಅವನದು. ‘ತಾಯಿ ಎಲ್ಲ ಬಲ್ಲವರು’ ಎಂಬ ಮಾತು ಕೇಳಿ ಕೇಳಿ ಅವನಿಗೆ ಮೈ ಉರಿದಿತ್ತು. ಒಂದು ಬೆಳಿಗ್ಗೆ ಮಠದ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಎರಡು ಕೆಂಪು ಹರಳುಗಳನ್ನಿಟ್ಟ.

“ಇದರಾಗ ಒಂದು ಖರೇ ಮಾಣಿಕ್ಯ, ಒಂದು ಗಾಜು. ಯಾವುದು ಯಾವುದು, ಅಪ್ಪಣೆ ಆಗಲಿ ತಾಯಿ.”

ತಾಯಿಯವರು ಬಾಗಿ ನೋಡಿದರು. “ನನಗ ತಿಳಿಯಂಗಿಲ್ಲಪ್ಪಾ. ನಿನಗ ತಿಳೀತೈತೇನು?”

“ಒಂದು ನೋಟ ಸಾಕ್ರಿ.”

“ಒಂದ ನೋಟ?” ತಾಯಿಯವರು ಕ್ಷಣಕಾಲ ಅವನ ಮುಖವನ್ನೇ ದಿಟ್ಟಿಸಿದರು. “ಹಂಗಾದ್ರ ನಮ್ಮ ರುದ್ರವ್ವಗ ಕಲಿಸು.”

ರುದ್ರವ್ವ ನೇಕಾರರವಳು. ಗಂಡ ಎದೆರೋಗದಿಂದ ತೀರಿಕೊಂಡು ಆರು ತಿಂಗಳಾಗಿತ್ತು. ಮಠದ ಪಾತ್ರೆ ತಿಕ್ಕುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕುಳಿತಳು. ಪಾಯಣ್ಣ ಅವಳ ಮುಖ ಸರಿಯಾಗಿ ನೋಡಲೂ ಇಲ್ಲ. ವಿದ್ಯೆ ಮೆರೆಸುವ ಹುಮ್ಮಸ್ಸಿನಲ್ಲಿದ್ದ.

ಮೊದಲು ಎರಡೂ ಹರಳುಗಳನ್ನು ಕೆನ್ನೆಗೆ ಒತ್ತಿಕೊಳ್ಳಲು ಅವಳಿಗೆ ಹೇಳಿದ. ಗಾಜು ಬೇಗ ಬೆಚ್ಚಗಾಯಿತು, ಮಾಣಿಕ್ಯ ತಣ್ಣಗೇ ಉಳಿಯಿತು. ಮಾಣಿಕ್ಯದ ಅಂಚಿನಿಂದ ಗಾಜನ್ನು ಗೀರಿದ. ಗಾಜಿನ ಮೇಲೆ ಗೆರೆ ಬಿತ್ತು. ಆಮೇಲೆ ಭೂತಗನ್ನಡಿ ಕೊಟ್ಟು ಬಿಸಿಲಿಗೆ ಹಿಡಿಯಲು ಹೇಳಿದ.

“ಒಳಗ ಏನ್ ಕಾಣ್ತದವ್ವಾ?”

“ಎಳಿ ಅದಾವ್ರಿ. ರೇಷ್ಮಿ ಎಳಿಯಂಗ.”

“ಶಾಬಾಸ್! ಅದು ಭೂಮಿಯಾಗ ಹುಟ್ಟಿದ್ದು. ಇನ್ನೊಂದರಾಗ?”

“ಗುಳ್ಳಿ. ಸಣ್ಣ ಸಣ್ಣ ಗಾಳಿಗುಳ್ಳಿ.”

“ಅದು ಕುಲುಮಿಯಾಗ ಹುಟ್ಟಿದ್ದು.”

ನೂಲು ನೋಡಿ ಪಳಗಿದ ಕಣ್ಣು ಅವಳದು. ಹೇಳಿದ್ದನ್ನು ಚಕ್ಕನೆ ಹಿಡಿಯಿತು. ಪಾಯಣ್ಣ ನಕ್ಕ. ಆಗ ರುದ್ರವ್ವ ಕೊರಳ ದಾರಕ್ಕೆ ಕಟ್ಟಿಕೊಂಡಿದ್ದ ಕೆಂಪು ಹರಳಿನ ಉಂಗುರವೊಂದನ್ನು ಸೆರಗಿನಡಿಯಿಂದ ಹೊರತೆಗೆದಳು.

ಪಾಯಣ್ಣನ ನಗು ಅಲ್ಲೇ ನಿಂತಿತು. ಉಂಗುರದ ಗುರುತು ಹತ್ತಿತು. ಮುಖದ ಗುರುತು ಆಮೇಲೆ ಹತ್ತಿತು. ಹಿಂದಿನ ವರ್ಷ ಈಕೆ ಅದನ್ನು ಹಿಡಿದು ತನ್ನ ಅಂಗಡಿಗೆ ಬಂದಿದ್ದಳು. “ಇದು ಖರೇ ಇದ್ದರ ನಮ್ಮ ಮನಿಯವರು ಗುಣ ಆಗ್ತಾರಂತ. ಸುಳ್ಳಿದ್ದರ ಇವತ್ತ ದವಾಖಾನಿಗೆ ಕರ್ಕೊಂಡು ಹೋಗ್ತೀನ್ರಿ,” ಎಂದಿದ್ದಳು. ಉಂಗುರ ಮಾರಿದವನು ಪಾಯಣ್ಣನ ಬೀಗ, ಮಗಳ ಮಾವ. ಪಾಯಣ್ಣ ಒಂದು ನೋಟ ನೋಡಿ, “ಖರೇ ಐತಿ, ಬೆರಳಾಗ ಇರಲಿ,” ಎಂದಿದ್ದ.

“ಅದು ಬ್ಯಾಡವ್ವಾ,” ಎಂದು ಕೈ ಚಾಚಿದ. ಅವಳು ಆಗಲೇ ಉಂಗುರವನ್ನು ಬಿಸಿಲಿಗೆ ಹಿಡಿದಿದ್ದಳು.

ಬಹಳ ಹೊತ್ತು ನೋಡಿದಳು. ಕೆನ್ನೆಗೆ ಒತ್ತಿಕೊಂಡಳು. ಮತ್ತೆ ನೋಡಿದಳು.

“ಶೆಟ್ರ, ನೀವು ಅವತ್ತು ಈ ಗುಳ್ಳಿ ನೋಡಿದ್ರೇನು?”

ಪಾಯಣ್ಣನ ನಾಲಿಗೆಯ ತುದಿಗೆ ಸುಳ್ಳು ಬಂದಿತ್ತು. ಎದುರಿಗೆ ತಾಯಿಯವರು ಕುಳಿತಿದ್ದರು.

“ನೋಡಿದ್ದೆ.”

ರುದ್ರವ್ವ ಅಳಲಿಲ್ಲ. ಭೂತಗನ್ನಡಿಯನ್ನು ಬಟ್ಟೆಯ ಮೇಲಿಟ್ಟು, ಪಾತ್ರೆಗಳ ಕಡೆಗೆ ಎದ್ದುಹೋದಳು.

ಪಾಯಣ್ಣ ತಾಯಿಯವರ ಪಾದಗಳ ಮೇಲೆ ಬಿದ್ದ. ಅವರು ಪಾದ ಹಿಂದಕ್ಕೆಳೆದುಕೊಂಡರು.

“ಕ್ಷಮಾ ನನ್ನ ಕಡೆ ಇಲ್ಲಪ್ಪಾ. ಆಕೀನ್ನ ಕೇಳಬ್ಯಾಡ, ಕೇಳೋ ಹಕ್ಕು ನಿನಗಿಲ್ಲ. ಏಳು. ಕಂಡದ್ದ ಹೇಳು.”

ತಾಯಿಯವರಿಗೆ ಮೊದಲೇ ತಿಳಿದಿತ್ತೇ ಎಂದು ಭಕ್ತರು ಇಂದಿಗೂ ಚರ್ಚಿಸುವುದುಂಟು. ಅವರು ಅದನ್ನು ಯಾರಿಗೂ ಹೇಳಲಿಲ್ಲ.

ಅದೇ ಮಧ್ಯಾಹ್ನ ಪಾಯಣ್ಣ ಬೀಗನ ಅಂಗಡಿಯ ಮುಂದೆ ನಿಂತು, ತಾನು ಮುಚ್ಚಿಟ್ಟಿದ್ದನ್ನೆಲ್ಲ ಹತ್ತು ಜನರೆದುರು ಹೇಳಿದ. ಚಿನಿವಾರರು ಹರಳು ನೋಡಲು ಅವನನ್ನು ಕರೆಯುವುದನ್ನು ಬಿಟ್ಟರು. ಬೀಗನ ಮನೆಯಲ್ಲಿ ಮಗಳಿಗೆ ತವರಿನ ಹೊಸ್ತಿಲು ತುಳಿಯದಂತೆ ಕಟ್ಟಪ್ಪಣೆಯಾಯಿತು. ಆಮೇಲೆ ಹುಟ್ಟಿದ ಮೊಮ್ಮಗಳ ಮುಖವನ್ನು ಅವನು ನೋಡಲೇ ಇಲ್ಲ. ಅಂದಿನಿಂದ ಸೋಮವಾರ ಸೋಮವಾರ ಮಠದ ಅಂಗಳದಲ್ಲಿ ಕುಳಿತು, ಬಡವರು ತಂದ ಹರಳುಗಳನ್ನು ನೋಡಿಕೊಡುತ್ತಿದ್ದ. ಕಲಿಯುತ್ತೇನೆಂದವರಿಗೆ ಏನನ್ನೂ ಮುಚ್ಚಿಡದೆ ಕಲಿಸಿದ. ರುದ್ರವ್ವ ಅವನ ಬಟ್ಟಲಿಗೂ ಅಂಬಲಿ ಬಡಿಸುತ್ತಿದ್ದಳು. ಮಾತಾಡುತ್ತಿರಲಿಲ್ಲ.

ಹನ್ನೊಂದು ವರ್ಷ ಹೀಗೇ ಕಳೆಯಿತು. ಪಾಯಣ್ಣನ ಕಣ್ಣಿಗೆ ಪೊರೆ ಬಂತು. ಒಮ್ಮೆ ಕುರುಬರ ಮುದುಕಿಯೊಬ್ಬಳು ತಂದ ಪಚ್ಚೆಯನ್ನು ಎಷ್ಟು ಹೊತ್ತು ಬಿಸಿಲಿಗೆ ಹಿಡಿದರೂ ಅವನಿಗೆ ಒಳಗಿನದು ಕಾಣಲಿಲ್ಲ. ಸುಮ್ಮನೆ ಅಂದಾಜಿನ ಮೇಲೆ ಹೇಳಲು ಮನಸ್ಸೊಪ್ಪದೆ, ಗೋಡೆ ಹಿಡಿದು ಎದ್ದು, ರುದ್ರವ್ವನಿದ್ದ ಅಡುಗೆಯ ಒಲೆಯ ಬಳಿ ಹೋಗಿ ಹರಳನ್ನು ನೆಲದ ಮೇಲಿಟ್ಟು ದೂರ ನಿಂತ.

ರುದ್ರವ್ವ ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಗಾಜು,” ಎಂದಳು.

ಆ ಹನ್ನೊಂದು ವರ್ಷಗಳ ಮೇಲೆ ಆಕೆ ಅವನೊಡನೆ ಆಡಿದ ಮೊದಲ ಮಾತು ಅದು, ಕೊನೆಯ ಮಾತೂ ಅದೇ. ಪಾಯಣ್ಣ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ಆ ಮಾತನ್ನು ಸ್ವೀಕರಿಸಿದ.