ಏರುವ ನೀರು, ಇಳಿಯುವ ನೀರು

ಮೂರು ಮಹಡಿಯ ಮನೆಯೊಂದನ್ನು ತಂಪಾಗಿಡಲು ಗೋಡೆಗಳೊಳಗೆ ತಣ್ಣೀರು ಸುತ್ತುವ ಕೊಳವೆ ಹಾಕಿದ್ದರು. ನೀರನ್ನು ಸುತ್ತಿಸಲು ಬಂದ ಪುಟ್ಟ ಪಂಪನ್ನು ಕಂಡು, ಮೇಲಿನ ಟ್ಯಾಂಕಿಗೆ ನೀರೇರಿಸುವ ದೊಡ್ಡ ಪಂಪು ನಕ್ಕಿತು.

"ತಮ್ಮಾ, ಇಷ್ಟು ಎತ್ತರ ನಿನ್ನಿಂದಾಗದು. ಸಂಜೆಯೊಳಗೆ ನಿನ್ನನ್ನು ಅಂಗಡಿಗೆ ವಾಪಸು ಕಳಿಸುತ್ತಾರೆ."

"ಅಣ್ಣಾ, ನೀನು ಏರಿಸಿದ ನೀರು ಮೇಲೆಯೇ ಉಳಿಯುತ್ತದೆ. ನಾನು ಕಳಿಸುವ ನೀರು ಸುತ್ತಿ ನನ್ನಲ್ಲಿಗೇ ಇಳಿದು ಬರುತ್ತದೆ. ಇಳಿಯುವ ನೀರಿನ ಭಾರವೇ ಏರುವ ನೀರನ್ನು ಎತ್ತುತ್ತದೆ. ಕೊಳವೆಯಲ್ಲಿ ನೀರು ಉಜ್ಜಿಕೊಂಡು ಹೋಗುವ ತಡೆಯನ್ನು ಗೆಲ್ಲುವ ಬಲವಿದ್ದರೆ ನನಗೆ ಸಾಕು."

ಹೀಗೆಂದು ಪುಟ್ಟ ಪಂಪು ತಿರುಗತೊಡಗಿತು. ನೀರು ಅಲುಗಲಿಲ್ಲ. ದೊಡ್ಡದು ಮತ್ತೆ ನಕ್ಕಿತು. ಪುಟ್ಟದು ಸೋಲೊಪ್ಪಲಿಲ್ಲ. ಕೊಳವೆ ಎಲ್ಲಕ್ಕಿಂತ ಮೇಲೇರಿ ತಿರುಗುವಲ್ಲಿದ್ದ ನಲ್ಲಿಯನ್ನು ಕೂಗಿ ಕೇಳಿತು:

"ಅಕ್ಕಾ, ನಿನ್ನಲ್ಲಿ ಗಾಳಿ ಸೇರಿಕೊಂಡಿದೆಯೇ?"

"ಹೌದು, ದಾರಿಗೆ ಅಡ್ಡವಾಗಿ ಕೂತಿದೆ."

"ಹೊರಗೆ ಬಿಡು. ಏರುವ ನೀರಿಗೂ ಇಳಿಯುವ ನೀರಿಗೂ ನಂಟು ಕಡಿದಿರುವುದು ಅಲ್ಲೇ."

ನಲ್ಲಿ ಬಾಯಿ ತೆರೆಯಿತು, ಗಾಳಿ ಬುಸ್ಸೆಂದು ಹೋಯಿತು; ಆ ಜಾಗಕ್ಕೆ ನೀರು ಬಂದೊಡನೆ ನಲ್ಲಿ ಬಾಯಿ ಮುಚ್ಚಿತು. ಪುಟ್ಟ ಪಂಪು ಮತ್ತೆ ತಿರುಗಿತು. ಸ್ವಲ್ಪ ಹೊತ್ತಿಗೆ ಅದು ಕಳಿಸಿದ ನೀರು ಮೂರೂ ಮಹಡಿ ಸುತ್ತಿ ಹಿಂದಿನಿಂದ ಬಂದು ಅದನ್ನೇ ಸೇರಿತು. ಗೋಡೆಗಳು ತಣ್ಣಗಾದವು.

"ಅಷ್ಟೂ ನೀರನ್ನು ನೀನೊಬ್ಬನೇ ಎತ್ತಿದೆಯಾ?" ದೊಡ್ಡ ಪಂಪು ಬೆರಗಾಯಿತು.

"ಇಲ್ಲಣ್ಣಾ, ನೀರನ್ನು ನೀರೇ ಎತ್ತಿತು. ನಾನು ಅದನ್ನು ನಿಲ್ಲಲು ಬಿಡಲಿಲ್ಲ, ಅಷ್ಟೆ."